ಅದು ಪೈಪಿನ ಜಗಳ ಅಲ್ಲ

ನಮ್ಮ ಹಟ್ಟಿ ಎರಡು ಹೋಳಾದದ್ದು ನೀರಿನ ಪೈಪಿಗಾಗಿ ಎಂದು ಯಾರಾದರೂ ನನ್ನೆದುರು ಹೇಳಿದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಮೊನ್ನೆ ಮದುವೆಯೊಂದರಲ್ಲಿ ಪಕ್ಕದ ಎಲೆಗೆ ಕೂತಿದ್ದ ಕೆತ್ತಿ ಊರಿನ ಹೆಂಗಸೊಬ್ಬಳು, "ನಿಮ್ಮ ಹಟ್ಟಿಲಿ ಪೈಪಿನ ಜಗಳ ಆಗಿ ಮೇಲ್ಕೇರಿಯವರು ಕೆಳಕೇರಿಯವರು ವರ್ಷಗಟ್ಟಲೆ ಮಾತೇ ಬಿಟ್ಟಿದ್ದರಂತಲ್ಲ" ಎಂದಳು. ಎತ್ತಿದ ತುತ್ತನ್ನು ಎಲೆಗೇ ಹಾಕಿ, "ಪೈಪಿಗಲ್ಲಮ್ಮ, ಮನುಷ್ಯರಿಗೆ" ಎಂದೆ. ಆಕೆ ಗಾಬರಿಯಾಗಿ ಲೋಟದ ನೀರನ್ನೆಲ್ಲ ಕುಡಿದಳು. ಎದುರಿನ ಸಾಲಿನಲ್ಲಿದ್ದ ನನ್ನ ಗಂಡ ಕಣ್ಣಲ್ಲೇ ಸುಮ್ಮನಿರು ಎಂದರು. ನಾನೇನು ಯಾವತ್ತಾದರೂ ಸುಮ್ಮನಿದ್ದವಳೇ?

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹಟ್ಟಿಯವರೆಲ್ಲ ಹೇಳುತ್ತಾರೆ. ಇದ್ದರೆ ಇರಲಿ. ಶಾಲೆಯ ಮಕ್ಕಳಿಗೆ ಚರಿತ್ರೆ ಹೇಳಿಯೇ ತಲೆ ಹಣ್ಣು ಮಾಡಿಕೊಂಡವಳು ನಾನು. ಯಾಕೆ ಆಯಿತು ಎನ್ನುವುದನ್ನು ತಿರುಚಿ ಹೇಳಿದರೆ ಕೇಳಿಸಿಕೊಂಡು ಕೂರುವುದು ನನಗೆ ಬರುವುದಿಲ್ಲ.

ಅಪ್ಪ ಮೈಸೂರಿನಲ್ಲಿ ಕೆಲಸಕ್ಕಿದ್ದುದರಿಂದ ನಾನು ಓದಿದ್ದೆಲ್ಲ ಅಲ್ಲಿ. ತೊಂಬತ್ತರ ಆಚೀಚೆ ಮದುವೆಯಾಗಿ ಊಟಿಯ ಉತ್ತರದ ಇಳಿಜಾರಿನಲ್ಲಿರುವ ಈ ಹಟ್ಟಿಗೆ ಬಂದೆ. ಹಿತ್ತಲಲ್ಲಿ ನಿಂತರೆ ಬಹಳ ಕೆಳಗೆ ಮಸಿನಗುಡಿಯ ಬಯಲು, ಅದರಾಚೆ ಮುದುಮಲೆಯ ಕಾಡು. ಮನೆಗಳದ್ದು ಎರಡೇ ಸಾಲು. ಮೇಲ್ಕೇರಿಯವರಿಗೆ ಹಳೆಯ ಟೀ ತೋಟಗಳು. ಕೆಳಕೇರಿಯವರಿಗೆ ಆಲೂಗಡ್ಡೆ, ಕ್ಯಾರೆಟ್ಟು, ಅಂಗೈಯಗಲದ ಟೀ. ಆದರೂ ದೇವರು ಒಂದೇ, ಹಬ್ಬ ಒಂದೇ, ಕಿತ್ತ ಟೀ ಎಲೆಯನ್ನು ತೂಗಿ ಫ್ಯಾಕ್ಟರಿಗೆ ಕಳಿಸುವ ಲೀಫ್ ಶೆಡ್ಡು ಒಂದೇ, ಸತ್ತವರನ್ನು ಮಲಗಿಸುವ ಮಣ್ಣೂ ಒಂದೇ. ನಾನು ಸೇರಿದ್ದು ಮೇಲ್ಕೇರಿಯ ಮನೆಗೆ. ಮಾವ ತೀರಿಹೋಗಿದ್ದರು. ನನ್ನ ಗಂಡನ ಅಣ್ಣ, ಅಂದರೆ ದೊಡ್ಡ ಭಾವ, ಮನೆಗೆ ಯಜಮಾನರು. ಕೇರಿಗೂ ಅವರೇ ಹಿರಿಯರು. ಬಿಳಿ ಮುಂಡಾಸು, ಬಿಳಿ ಹೊದಿಕೆ, ಯಾರ ಹತ್ತಿರವೂ ದನಿ ಎತ್ತದ ನಗುಮುಖ. ಜಗಳಗಂಟನಾಗಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಮೇಲ್ಕೇರಿಯ ದೊಡ್ಡ ಮನೆಗಳಿಗೆ ಒಂದೊಂದು 'ಕಂಬಳಿ ಮನೆ' ಇತ್ತು. ತೋಟ ಮುಗಿದು ಕಾಡು ಶುರುವಾಗುವ ಕಡೆ ಒಂದು ಗುಡಿಸಲು, ಅದರೊಳಗೆ ಕಾಡಿನ ಮಂದಿಯ ಒಂದು ಸಂಸಾರ. ಹಬ್ಬದ ಮಾರನೆಯ ಬೆಳಿಗ್ಗೆ ಆ ಸಂಸಾರದ ಹಿರಿಯ ಬಂದು ನಮ್ಮ ಜಗಲಿಯ ಕೆಳಗೆ, ನಮಗೆ ಬೆನ್ನು ಹಾಕಿ, ಕುಕ್ಕುರುಗಾಲಲ್ಲಿ ಕೂರಬೇಕು. ಯಜಮಾನರು ಜಗಲಿಯ ಮೇಲಿಂದಲೇ, ಮೈ ತಾಗದ ಹಾಗೆ, ಅವನ ಹೆಗಲಿಗೆ ಕರಿ ಕಂಬಳಿ ಹೊದಿಸುತ್ತಾರೆ. ಆಯಿತು, ಅಷ್ಟೇ. ಮುಂದಿನ ಹಬ್ಬದವರೆಗೆ ಅವನು, ಅವನ ಹೆಂಡತಿ, ಅವನ ಮಕ್ಕಳು ಆ ಮನೆಯವರು. ಇನ್ನೊಬ್ಬರು ಅವರನ್ನು ಕೆಲಸಕ್ಕೆ ಕರೆಯುವ ಹಾಗಿಲ್ಲ, ಕರೆದರೂ ಅವರು ಹೋಗುವ ಹಾಗಿಲ್ಲ. ರಾಗಿ ಕೊಡುತ್ತಿದ್ದರು, ಉಪ್ಪು ಕೊಡುತ್ತಿದ್ದರು, ಉಟ್ಟು ಬಿಟ್ಟ ಬಟ್ಟೆ ಕೊಡುತ್ತಿದ್ದರು. ಕೂಲಿ ಎನ್ನುವ ಮಾತೇ ಇರಲಿಲ್ಲ.

ಇನ್ನೊಂದು ಕಟ್ಟುಪಾಡು ಇತ್ತು. ಹೊದಿಸಿದ ಕೈಯೇ ಕಂಬಳಿಯನ್ನು ತೆಗೆಯಬೇಕು. ಹಬ್ಬಕ್ಕೆ ಹಳೆಯದನ್ನು ತೆಗೆದು ಹೊಸದನ್ನು ಹೊದಿಸುವುದು, ಸತ್ತರೆ ಹೆಣದ ಮೇಲಿಂದ ತೆಗೆಯುವುದು, ಎಲ್ಲ ಆ ಕೈಯೇ. ತಾವಾಗಿ ಕಿತ್ತು ಬಿಸಾಕಿ ಹೋದರೆ ಕಾಡಿನ ದೇವರುಗಳು ಹಿಂದೆಯೇ ಬರುತ್ತವೆ, ಹೋಗಿ ಸೇರಿದ ಮನೆಯಲ್ಲಿ ಸಾವಾಗುತ್ತದೆ ಎಂದು ಅವರು ನಂಬಿದ್ದರು. ನಮ್ಮ ಮನೆಯವರಿಗೆ ಅಂಥ ನಂಬಿಕೆ ಏನೂ ಇರಲಿಲ್ಲ. ಅವರು ನಂಬಿದ್ದರೆ ಸಾಕಾಗಿತ್ತು ಇವರಿಗೆ.

ಮದುವೆಯಾದ ವರ್ಷ ಮೊದಲ ಸಲ ಅದನ್ನು ನೋಡಿ ಭಾವನನ್ನು ಕೇಳಿದೆ, "ಇದು ಜೀತ ಅಲ್ಲವಾ?"

ಭಾವ ನಕ್ಕರು. "ಏಕ ಹಂಗೆ ಹೇಳ್ತಿ ಮಾ? ಚಳಿಗೆ ಕಂಬಳಿ ಕೊಡೋದು ಜೀತವಾ? ನಂಗ ಅವರ ನೋಡಿಕೊಂತೀವಿ, ಅವರು ನಂಗಳ ನೋಡಿಕೊಂತಾರೆ. ಇದು ಪಿರೀತಿ." 'ನಂಗ' ಎಂದರೆ ನಮ್ಮ ಕಡೆ 'ನಾವು', 'ನಮ್ಮ' ಎರಡೂ. ಆ ಮಾತನ್ನು ಭಾವ ಬಾಯಿ ತುಂಬ ಹೇಳುತ್ತಿದ್ದರು.

ಜೀತ ಕಾನೂನಿನಲ್ಲಿ ರದ್ದಾಗಿ ಎಷ್ಟೋ ವರ್ಷವಾಗಿತ್ತು. ನಾನು ದೂರು ಕೊಟ್ಟೆ ಕೂಡ. ಒಬ್ಬ ಅಧಿಕಾರಿ ಬಂದ. ನಮ್ಮ ಜಗಲಿಯಲ್ಲೇ ಕೂತು, ನಮ್ಮ ತೋಟದ ಟೀಯನ್ನೇ ಕುಡಿದು, ಭಾವನ ಎದುರೇ ಕಂಬಳಿಯವನನ್ನು ಕರೆದು, "ನಿನ್ನನ್ನು ಯಾರಾದರೂ ಕಟ್ಟಿ ಹಾಕಿದಾರೇನಪ್ಪಾ?" ಎಂದು ಕೇಳಿದ. ಕಂಬಳಿಯವನು ಇಲ್ಲ ಎಂದ. ಹಗ್ಗ ಇದ್ದರೆ ತಾನೇ ಹೌದು ಅನ್ನುವುದು! ಅಧಿಕಾರಿ ಕ್ಯಾರೆಟ್ಟಿನ ಚೀಲವೊಂದನ್ನು ಜೀಪಿಗೆ ಹಾಕಿಸಿಕೊಂಡು ಹೋದ. ಥೂ, ನೆನೆದರೆ ಇವತ್ತಿಗೂ ಬಾಯಿ ಕಹಿಯಾಗುತ್ತದೆ.

ನಮ್ಮ ಕಂಬಳಿ ಮನೆಯಲ್ಲಿ ಇದ್ದದ್ದು ಗಂಡ, ಹೆಂಡತಿ, ಒಬ್ಬಳೇ ಮಗಳು. ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಹಾಗೆ ಕರೆದದ್ದಕ್ಕೆ ಮೊದಮೊದಲು ಮನೆಯಲ್ಲಿ ಮುಸಿಮುಸಿ ನಗುತ್ತಿದ್ದರು. ಅಕ್ಕನದು ಮಾತು ಕಡಿಮೆ, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ಕೊಟ್ಟಿಗೆ, ಅಂಗಳ, ಎಲೆಬುಟ್ಟಿ, ಕತ್ತಿ, ಹಗ್ಗ, ಎಲ್ಲ ಅವಳ ಸುಪರ್ದಿ. ಭಾವ ಕೈಯಲ್ಲಿದ್ದುದನ್ನು ನಿಂತಲ್ಲೇ ಬಿಟ್ಟು ಹೋಗುವ ಜಾತಿ. ಕತ್ತರಿ ಬಿಟ್ಟರೂ ಅವಳೇ ಎತ್ತಿಡಬೇಕು, ಛತ್ರಿ ಬಿಟ್ಟರೂ ಅವಳೇ. ದಿನಕ್ಕೆ ಹತ್ತು ಸಲ ಜಗಲಿಯಿಂದ "ಅದ ಎಲ್ಲಿ ಇಟ್ಟೆ?" ಎಂದು ಕೂಗು ಬರುತ್ತಿತ್ತು. ಅಕ್ಕ ಎಲ್ಲಿದ್ದರೂ ಓಡಿಬರುತ್ತಿದ್ದಳು.

ಮಗಳು ಮಸಿನಗುಡಿಯ ಹಾಸ್ಟೆಲಿನಲ್ಲಿದ್ದು ಹತ್ತನೆಯ ತರಗತಿ ಓದಿದ್ದಳು. ಹುಷಾರು ಹುಡುಗಿ. ಗೂಡಲೂರಿನ ಆಸ್ಪತ್ರೆಯೊಂದರಲ್ಲಿ ಕಾಡಿನ ಹುಡುಗಿಯರಿಗೆ ನರ್ಸಿನ ಕೆಲಸ ಕಲಿಸುತ್ತಾರೆ ಎಂದು ಯಾರೋ ಹೇಳಿದ್ದರಂತೆ, ಅದೊಂದೇ ಗುಂಗು ಅವಳಿಗೆ. ರಜೆಗೆ ಬಂದಾಗ ನನ್ನ ಹತ್ತಿರ ಕೂತು ಇಂಗ್ಲಿಷ್ ಓದುತ್ತಿದ್ದಳು. "ಅವ್ವನ್ನೂ ಕರ್ಕೊಂಡ್ ಹೋಗ್ತೀನಿ ಟೀಚರ್, ಆಸ್ಪತ್ರೆ ಹಿಂದೆ ಮನೆ ಕೊಡ್ತಾರಂತೆ" ಎನ್ನುತ್ತಿದ್ದಳು.

ಅವಳು ಹತ್ತು ಮುಗಿಸಿ ಬಂದ ವರ್ಷದ ಚಳಿಗಾಲ, ಶಾಲೆಯಲ್ಲಿ ನಾನು ಅಮೆರಿಕದ ಅಂತರ್ಯುದ್ಧದ ಪಾಠ ಮಾಡುತ್ತಿದ್ದೆ. ತುಮ್ಮನಟ್ಟಿಯ ಕಡೆಯ ಒಂದು ಖಾಸಗಿ ಶಾಲೆ. ಪಾಠ ಇಂಗ್ಲಿಷಿನಲ್ಲಿ, ಬೈಗುಳ ನಮ್ಮ ಮಾತಿನಲ್ಲಿ. ದಕ್ಷಿಣದ ರಾಜ್ಯಗಳು ಒಂದೊಂದಾಗಿ ಒಕ್ಕೂಟ ಬಿಟ್ಟು ಹೋದದ್ದು ಯಾಕೆ ಎಂದು ಮಕ್ಕಳನ್ನು ಕೇಳಿದರೆ ಎಲ್ಲರೂ ಗೈಡಿನಲ್ಲಿದ್ದುದನ್ನು ಒದರಿದರು. ಸುಂಕದ ತಕರಾರು, ಉದ್ಯಮಕ್ಕೂ ಬೇಸಾಯಕ್ಕೂ ಇದ್ದ ಅಂತರ, ರಾಜ್ಯಗಳ ಹಕ್ಕು. ಎಲ್ಲ ಮುಗಿದ ಮೇಲೆ, ಒಗ್ಗರಣೆಗೆ ಎಂಬಂತೆ, ಗುಲಾಮಗಿರಿ.

ಹಿಂದಿನ ಬೆಂಚಿನಲ್ಲಿ ಸದಾ ತೂಕಡಿಸುವ ಹುಡುಗಿಯೊಬ್ಬಳು ಅವತ್ತು ಎದ್ದು ನಿಂತು, "ಮಿಸ್, ರಾಜ್ಯಗಳ ಹಕ್ಕು ಅಂದ್ರೆ ಏನು ಮಾಡೋ ಹಕ್ಕು?" ಎಂದಳು.

ಗೈಡು ಬರೆದವನ ಕೆನ್ನೆಗೆ ಬಾರಿಸಿದ ಹಾಗಿತ್ತು. ಮನುಷ್ಯರನ್ನು ಇಟ್ಟುಕೊಳ್ಳುವ ಹಕ್ಕು ಕಣೇ, ಮತ್ತೇನು! ಬಿಟ್ಟು ಹೋಗುವಾಗ ಆ ರಾಜ್ಯಗಳವರು ಮುಚ್ಚುಮರೆ ಮಾಡಿರಲಿಲ್ಲ. ಗುಲಾಮರನ್ನು ಬಿಡುವುದಿಲ್ಲ, ಓಡಿಹೋದವರನ್ನು ನೀವು ಹಿಡಿದು ಕೊಡುತ್ತಿಲ್ಲ, ಅದಕ್ಕೇ ಹೋಗುತ್ತೇವೆ ಎಂದು ತಾವೇ ಬರೆದಿಟ್ಟು ಹೋದರು. ಯುದ್ಧ ಸೋತ ಮೇಲೆ ನಾಚಿಕೆಯಾಯಿತೋ ಏನೋ, ಸುಂಕ, ಹಕ್ಕು, ಸ್ವಾಭಿಮಾನ ಎಂದು ರಾಗ ಬದಲಾಯಿಸಿದರು. ನಾನು ಅವತ್ತು ಬೋರ್ಡಿನ ಮೇಲೆ ಒಂದೇ ಕಾರಣ ಬರೆದೆ. ಪರೀಕ್ಷೆಯಲ್ಲಿ ಅಂಕ ಹೋಗುತ್ತದೆ ಮಿಸ್ ಎಂದು ಮುಂದಿನ ಬೆಂಚಿನವರು ಗೋಳಾಡಿದರು.

ಅದೇ ಚಳಿಗಾಲ ಅಕ್ಕನ ಗಂಡ ತೀರಿಕೊಂಡ. ಸೌದೆಗೆ ಹೋದವನು ಆನೆಯ ದಾರಿಗೆ ಸಿಕ್ಕಿದ್ದ. ಭಾವ ಹೋಗಿ ಹೆಣದ ಮೇಲಿಂದ ಕಂಬಳಿ ತೆಗೆದರು, ಕಣ್ಣೀರನ್ನೂ ಹಾಕಿದರು. ಸುಳ್ಳು ಕಣ್ಣೀರಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಹಬ್ಬ ಹತ್ತಿರ ಬಂದಿತ್ತು. ಗಂಡು ಮಕ್ಕಳಿಲ್ಲದ ಸಂಸಾರ. ಗುಡಿಸಲು ಉಳಿಯಬೇಕಾದರೆ ಯಾರಾದರೂ ಹೊದೆಯಬೇಕು. ಹೆಂಗಸರು ಅದುವರೆಗೆ ಯಾರೂ ಹೊದ್ದವರಿಲ್ಲ. ಪರವಾಯಿಲ್ಲೆ, ಓದಿದ ಹುಡುಗಿ, ಮುಂದೆ ಮದುವೆಯಾಗಿ ಗಂಡನನ್ನೂ ಇಲ್ಲಿಗೇ ಕರೆತರಲಿ ಎಂದು ಭಾವ ತಾವೇ ತೀರ್ಮಾನ ಮಾಡಿದರು. ಹುಡುಗಿಯನ್ನು ಒಂದು ಮಾತು ಕೇಳಲಿಲ್ಲ.

ಹಬ್ಬದ ಮಾರನೆಯ ಬೆಳಿಗ್ಗೆ ಮೇಲ್ಕೇರಿಯವರೆಲ್ಲ ಬಿಳಿ ಬಟ್ಟೆಯಲ್ಲಿ ನಿಂತಿದ್ದರು. ಅಕ್ಕ ಮಗಳ ಭುಜ ಹಿಡಿದು ಕರೆತಂದು ಜಗಲಿಯ ಕೆಳಗೆ ಕೂರಿಸಿದಳು. ಹುಡುಗಿ ಕೂತಳು. ಭಾವ ಕಂಬಳಿ ಬಿಡಿಸಿ ಕೈ ಚಾಚುವ ಹೊತ್ತಿಗೆ ಪಕ್ಕಕ್ಕೆ ಸರಿದು ಎದ್ದುಬಿಟ್ಟಳು. ಕಂಬಳಿ ರಾತ್ರಿಯ ಇಬ್ಬನಿಗೆ ಕೆಸರಾಗಿದ್ದ ಅಂಗಳಕ್ಕೆ ದೊಪ್ಪೆಂದು ಬಿತ್ತು.

"ನನಗೆ ಬೇಡ" ಎಂದಳು, ಭಾವನ ಮುಖ ನೋಡಿಕೊಂಡೇ.

ಅಯ್ಯೋ, ಆಮೇಲಿನ ಗದ್ದಲವೇ! ಕಂಬಳಿ ನೆಲಕ್ಕೆ ಬಿದ್ದದ್ದನ್ನು ಕಂಡ ಕಣ್ಣುಗಳೇ ಆ ಕೇರಿಯಲ್ಲಿರಲಿಲ್ಲ. ಒಬ್ಬರು ಕೆಟ್ಟದಾಗುತ್ತದೆ ಎಂದರು, ಒಬ್ಬರು ಅವಳ ಕಾಲು ಮುರಿಯಬೇಕು ಎಂದರು. ಹುಡುಗಿ ಅಷ್ಟರಲ್ಲಿ ಟೀ ಗಿಡಗಳ ನಡುವೆ ನುಗ್ಗಿ ಕೆಳಕೇರಿಗೆ ಓಡಿದ್ದಳು. ಅಲ್ಲಿ ಲೀಫ್ ಶೆಡ್ಡಿನ ಪಕ್ಕದ ಮನೆಯ ಮುದುಕಿ ಬಾಗಿಲು ತೆಗೆದು ಒಳಗೆ ಕರೆದುಕೊಂಡಳು. ಅಕ್ಕ ಒಬ್ಬಳೇ ಬಗ್ಗಿ ಕಂಬಳಿ ಎತ್ತಿ ಕೆಸರು ಕೊಡವುತ್ತಿದ್ದಳು.

ಮೇಲ್ಕೇರಿಯವರು ಹೇಳಿಕಳಿಸಿದರು: ನಂಗ ಹುಡುಗಿಯ ಕಳಿಸಿಕೊಡಿ. ಕೆಳಕೇರಿಯವರು ಕೂಟ ಸೇರಿದರು. ಅವರೇನು ಧರ್ಮಾತ್ಮರು ಎಂದುಕೊಳ್ಳಬೇಡಿ. ಲೀಫ್ ಜೋರಾಗಿದ್ದ ಕಾಲ, ಎಲೆ ಬೆಲೆಯೂ ಚೆನ್ನಾಗಿತ್ತು. ಕೀಳುವುದಕ್ಕೆ ಕೈಗಳು ಸಿಗುತ್ತಿರಲಿಲ್ಲ. ತಾವು ಕೂಲಿ ಕೊಟ್ಟು ಆಳು ಹುಡುಕುವಾಗ ಮೇಲ್ಕೇರಿಯವರಿಗೆ ಒಂದು ಕಂಬಳಿಗೆ ಸಂಸಾರಕ್ಕೆ ಸಂಸಾರವೇ ದುಡಿಯುತ್ತದಲ್ಲ ಎಂದು ಅವರಿಗೆ ಒಳಗೇ ಹೊಟ್ಟೆಯುರಿ. ಇನ್ನು ಕೆಲವರು, ಒಂದು ಹುಡುಗಿಗಾಗಿ ಹಟ್ಟಿ ಯಾಕೆ ಒಡೆಯಬೇಕು, ಕಳಿಸಿಬಿಡೋಣ, ಹೊಡೆಯಬಾರದು ಎಂದು ಮಾತು ತೆಗೆದುಕೊಂಡರೆ ಸಾಕು ಎಂದರು. ಹೊಡೆಯಬಾರದು ಎಂದು ಮಾತು! ನಾನು ಕೂಟದಲ್ಲಿ ಹೆಂಗಸರ ಕಡೆ ನಿಂತಿದ್ದವಳು ತಡೆಯಲಾರದೆ ಬಾಯಿ ಹಾಕಿದೆ. "ಅವಳೇನು ಬೇಲಿ ಹಾರಿದ ಎಮ್ಮೆಯಾ? ಹಿಡಿದು ಕೊಡೋರು ನೀವು ಯಾರು?" ಮೇಲ್ಕೇರಿಯ ಸೊಸೆ ಕೆಳಕೇರಿಯ ಕೂಟದಲ್ಲಿ ಮಾತಾಡಿದ್ದು ಇನ್ನೊಂದು ರಂಪವಾಯಿತು.

ಕೊನೆಗೆ ಶೆಡ್ಡಿನ ಯಜಮಾನಿಕೆ ಮಾಡುತ್ತಿದ್ದ ಕೆಳಕೇರಿಯ ಹಿರಿಯ ಎದ್ದು, "ಕಳಿಸಬೇಡಿ. ಇನ್ನು ಮೇಲೆ ಹಟ್ಟಿಯ ಹಬ್ಬದಲ್ಲಿ ಕಂಬಳಿ ಹೊದಿಸೋ ಕಟ್ಟೇ ಬೇಡ" ಎಂದ. ಆ ಮನುಷ್ಯನಿಗೂ ತನ್ನದೇ ಲೆಕ್ಕಾಚಾರ ಇತ್ತು, ನನಗೆ ಗೊತ್ತು. ಆದರೆ ಹೇಳಿದ ಮಾತು ಸರಿಯಾಗಿತ್ತು. ಕೆಳಕೇರಿ ಒಪ್ಪಿತು.

ಅವತ್ತು ಸಂಜೆ ಅಡುಗೆಮನೆಯ ಬಾಗಿಲಲ್ಲಿ ಭಾವ ಟೀ ಲೋಟ ಹಿಡಿದು ಕೂತು ಹೇಳಿದರು, "ನಂಗ ಇನ್ನು ಅವರ ಸಂಗಡ ಇಲ್ಲೆ. ನಂಗ ಬೇರೆ ಹಟ್ಟಿ. ಇದು ಆ ಹುಡುಗಿಯ ಮಾತಲ್ಲ ಮಾ, ನಂಗ ಹಕ್ಕಿನ ಮಾತು. ನಂಗ ಮನೇಲಿ ಏನು ಮಾಡಬೇಕು ಅಂತ ಕೆಳಗಿನವರು ಹೇಳೋದಾ?"

"ಏನು ಮಾಡೋ ಹಕ್ಕು ಭಾವ?" ಎಂದೆ.

"ಏನು?"

"ಹಕ್ಕು ಹಕ್ಕು ಅಂತೀರಲ್ಲ. ಏನು ಮಾಡೋ ಹಕ್ಕು? ಬಾಯಿ ಬಿಟ್ಟು ಹೇಳಿ."

ಭಾವ ನನ್ನನ್ನು ನೋಡಿದರು. ಮದುವೆಯಾಗಿ ಬಂದ ಮೇಲೆ ಅವರ ಮುಖದಲ್ಲಿ ನಗು ಇಲ್ಲದ್ದನ್ನು ಕಂಡದ್ದು ಅವತ್ತೇ. ಲೋಟವನ್ನು ಅಲ್ಲೇ ಹೊಸ್ತಿಲ ಮೇಲೆ ಬಿಟ್ಟು ಎದ್ದು ಹೋದರು.

ಮೇಲ್ಕೇರಿ ಬಿಟ್ಟುಹೋಯಿತು. ಮನೆ ಮನೆಯ ಹಿರಿಯರು ಒಬ್ಬೊಬ್ಬರಾಗಿ ಬಂದು ನಮ್ಮ ಜಗಲಿಯಲ್ಲಿ ಎಲೆಯಡಿಕೆ ಮುಟ್ಟಿ ಸೇರಿಕೊಂಡರು. ಮೊದಲು ಬೇರೆ ಹಬ್ಬ, ಆಮೇಲೆ ಬೇರೆ ಲೀಫ್ ಶೆಡ್ಡು. ಎರಡು ಕೇರಿಗಳ ನಡುವಿನ ಕಾಲುದಾರಿಗೆ ಮುಳ್ಳುತಂತಿ ಬಂತು. ಒಬ್ಬರ ಸಾವಿಗೆ ಇನ್ನೊಬ್ಬರು ಹೋಗುವುದೂ ನಿಂತಿತು. ನಮ್ಮಲ್ಲಿ ಸಾವಿಗೆ ಹೋಗದಿರುವುದು ಎಂದರೆ ಅದಕ್ಕಿಂತ ದೊಡ್ಡ ಸಂಬಂಧ ಕಡಿತ ಇನ್ನೊಂದಿಲ್ಲ. ಇಷ್ಟೆಲ್ಲ ಆಗಿ ಬೇಸಿಗೆ ಬಂದ ಮೇಲೆ, ಮೇಲಿನ ನೀರಿನ ಊಟೆಯಿಂದ ಕೆಳಕೇರಿಗೆ ಇಳಿಯುತ್ತಿದ್ದ ಪೈಪನ್ನು ಮೇಲ್ಕೇರಿಯ ಹುಡುಗರು ಕಡಿದರು. ಪೈಪು ಬಂದದ್ದು ಎಲ್ಲಕ್ಕಿಂತ ಕೊನೆಗೆ. ಕೇಳಿಸಿತೇ ಕೆತ್ತಿಯವಳೇ?

ನಾನೂ ನನ್ನ ಗಂಡನೂ ಪಾತ್ರೆ ಪಡಗ ಕಟ್ಟಿಕೊಂಡು ಕೆಳಕೇರಿಯ ಬಾಡಿಗೆ ಮನೆಗೆ ಇಳಿದೆವು. ನನ್ನ ಗಂಡ ಪಾಪ, ಅಣ್ಣನ ಮುಂದೆ ಜೋರಾಗಿ ಕೆಮ್ಮದವರು. ಆದರೂ ಬಂದರು, ಅದಕ್ಕಾಗಿ ಅವರ ಎಷ್ಟೋ ತಪ್ಪುಗಳನ್ನು ನಾನು ಮಾಫಿ ಮಾಡಿದ್ದೇನೆ. ಹುಡುಗಿ ನಮ್ಮ ಜೊತೆಗೇ ಇದ್ದಳು. ಗೂಡಲೂರಿನ ಆಸ್ಪತ್ರೆಯಿಂದ ಕರೆ ಬಂತು. ಆದರೆ ಅವಳು ಹೋಗಲು ಒಲ್ಲೆ ಎಂದಳು. ಅವ್ವ ಮೇಲೆ, ತಂತಿಯ ಆಚೆ, ಅವಳನ್ನು ಮೇಲ್ಕೇರಿಯವರು ಕೆಳಗೆ ಬಿಡುತ್ತಿರಲಿಲ್ಲ. ಅವಳು ಗುಡಿಸಲಲ್ಲಿ ಒಬ್ಬಳೇ ಇದ್ದಾಳೆ, ಕರೆದುಕೊಂಡೇ ಹೋಗುತ್ತೇನೆ ಎಂದು ಹಟ. ಮೇಲ್ಕೇರಿಯ ಹುಡುಗರು ದಿನವೂ ನಮ್ಮ ಮನೆಯ ಮುಂದೆ ಬಂದು, ಹುಡುಗಿಯನ್ನು ಎತ್ತಿಕೊಂಡು ಹೋಗುತ್ತೇವೆ ಎಂದು ಕೂಗಿ ಹೋಗುತ್ತಿದ್ದರು.

ಹೀಗೇ ಮುಂದಿನ ಹಬ್ಬ ಬಂತು. ಮಾರನೆಯ ಬೆಳಿಗ್ಗೆ ತಂತಿಯ ಈಚೆ ನಿಂತು ನಾನೂ ಹುಡುಗಿಯೂ ನೋಡುತ್ತಿದ್ದೆವು. ನಮ್ಮ ಹಳೆಯ ಜಗಲಿ ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಅಕ್ಕ ಒಬ್ಬಳೇ ನಡೆದು ಬಂದಳು. ಯಾರೂ ಕರೆದಿರಲಿಲ್ಲ. ಜಗಲಿಯ ಕೆಳಗೆ ಬೆನ್ನು ಹಾಕಿ, ಅಂದರೆ ನಮ್ಮ ಕಡೆಗೆ ಮುಖ ಮಾಡಿ, ಕುಕ್ಕುರುಗಾಲಲ್ಲಿ ಕೂತಳು.

"ನನಗೆ ಹೊದಿಸಿ ಅಪ್ಪಾ" ಎಂದದ್ದು ಇಲ್ಲಿಗೂ ಕೇಳಿಸಿತು. "ಮಗಳ ಬುಟ್ಟುಬುಡಿ."

ಭಾವ ಹೊದಿಸಿದರು. ಎಷ್ಟು ಸಂತೋಷದಿಂದ ಹೊದಿಸಿದರು! ಮೇಲ್ಕೇರಿಯ ಮರ್ಯಾದೆ ಉಳಿಯಿತು ಎಂದು ಜಗಲಿಯ ಮೇಲಿದ್ದವರೆಲ್ಲ ತಲೆದೂಗಿದರು. ಅಕ್ಕನ ಹೆಗಲಿನಿಂದ ಕಂಬಳಿ ನೆಲದವರೆಗೆ ಇಳಿದಿತ್ತು, ಗಂಡಸಿನ ಅಳತೆಯದು. ನನ್ನ ಪಕ್ಕದಲ್ಲಿ ಹುಡುಗಿ ತಂತಿಯ ಮುಳ್ಳನ್ನೇ ಹಿಡಿದುಕೊಂಡಿದ್ದಳು, ಬಿಡಿಸಿದಾಗ ಅಂಗೈ ರಕ್ತ. ನನಗೆ ಅಳು ಬರಲಿಲ್ಲ. ಆ ಜಗಲಿಗೆ ಬೆಂಕಿ ಹಚ್ಚಬೇಕು ಎನ್ನಿಸಿತು. ನಿಜ ಹೇಳುತ್ತೇನೆ, ಬೆಂಕಿಪೆಟ್ಟಿಗೆ ಕೈಯಲ್ಲಿದ್ದಿದ್ದರೆ ಏನಾಗುತ್ತಿತ್ತೋ.

ಮರುದಿನ ಹುಡುಗಿಯನ್ನು ಗೂಡಲೂರಿನ ಬಸ್ಸಿಗೆ ಹತ್ತಿಸಿದೆವು. ಮೇಲ್ಕೇರಿಯ ಹುಡುಗರು ಬಸ್ ಸ್ಟಾಪಿನಲ್ಲೇ ಇದ್ದರು, ಯಾರೂ ಅಡ್ಡ ಬರಲಿಲ್ಲ. ಅವ್ವ ಹೊದ್ದಾಗಿತ್ತಲ್ಲ.

ಆಮೇಲಿನದ್ದನ್ನು ಬೇಗ ಹೇಳಿಬಿಡುತ್ತೇನೆ. ಒಂದೆರಡು ಹಬ್ಬ ಕಳೆಯುವುದರೊಳಗೆ ಎಲೆಯ ಬೆಲೆ ಬಿತ್ತು. ಎಂಥ ಬೀಳು! ಕೀಳುವ ಖರ್ಚೂ ಹುಟ್ಟದೆ ಗಿಡಗಳು ಮರವಾದವು. ಮೇಲ್ಕೇರಿಯ ಗಂಡುಮಕ್ಕಳು ಕೊಯಮತ್ತೂರು, ತಿರುಪ್ಪೂರು ಎಂದು ಬನಿಯನ್ ಕಂಪನಿಗಳಿಗೆ ಹೋದರು. ಯಾವ ಕಂಬಳಿ, ಯಾವ ಕಟ್ಟು? ಇಟ್ಟುಕೊಳ್ಳಲು ಕೆಲಸವೇ ಇಲ್ಲವೆಂದ ಮೇಲೆ ಹೊದಿಸುವುದು ತಾನಾಗಿಯೇ ನಿಂತಿತು. ಬೇರೆ ಮನೆಗಳ ಕಾಡಿನ ಮಂದಿ ಕೆಳಗೆ ಮಸಿನಗುಡಿಯ ಕಡೆಗೆ, ಅರಣ್ಯದವರ ಕೂಲಿಗೆ ಹೋದರು. ಹೋಗುವಾಗ ಅವರವರ ಯಜಮಾನರು ಕಂಬಳಿ ತೆಗೆದು ಕಳಿಸಿದ್ದರು. ಭಾವ ಮಾತ್ರ ಅಕ್ಕನದ್ದನ್ನು ತೆಗೆಯಲಿಲ್ಲ. ಹೊಸದನ್ನು ಹೊದಿಸಲೂ ಇಲ್ಲ, ಹಳೆಯದನ್ನು ತೆಗೆಯಲೂ ಇಲ್ಲ.

ಹುಡುಗಿ ನರ್ಸಾದಳು. ಆಸ್ಪತ್ರೆಯ ಹಿಂದೆ ಮನೆ ಸಿಕ್ಕಿತು, ಮದುವೆಯಾಯಿತು, ಮಗುವಾಯಿತು. ಪ್ರತಿ ರಜೆಗೂ ಗುಡಿಸಲಿಗೆ ಹೋಗಿ, "ಬಾ ಅವ್ವ" ಎಂದು ಕಾಲು ಹಿಡಿಯುತ್ತಿದ್ದಳು. ಅಕ್ಕನದು ಒಂದೇ ಉತ್ತರ. "ತೆಗೆದಿಲ್ಲವಲ್ಲ ಮಗಾ. ಹಂಗೇ ಬಂದರೆ ನಿನ್ನ ಮನೇಲಿ ಕೂಸೈತೆ." ಮೊಮ್ಮಗುವಿನ ಜೀವಕ್ಕೆ ಹೆದರಿ ಮೊಮ್ಮಗುವನ್ನು ನೋಡಲು ಹೋಗದ ಅಜ್ಜಿ ಅವಳು. ಬುದ್ಧಿ ಹೇಳಿ ಸಾಕಾದೆ. ಇದು ಬರೀ ಉಣ್ಣೆ ಅಕ್ಕ, ಕುರಿಯ ಕೂದಲು ಎಂದೆ. ನಕ್ಕು ಕೆಲಸಕ್ಕೆ ಏಳುತ್ತಿದ್ದಳು.

ನಾನು ತಂತಿ ದಾಟಿ ಹೋಗಿ ಭಾವನ ಜಗಲಿಯ ಮುಂದೆ ನಿಂತೂ ಕೇಳಿದೆ. "ತೆಗೆದುಬಿಡಿ ಭಾವ. ಒಂದು ಕ್ಷಣದ ಕೆಲಸ."

"ಅದೆಲ್ಲ ಎಂದೋ ಮುಗಿದುಹೋತು ಮಾ" ಎಂದರು. "ಈಗ ಯಾರು ಅದ ನೋಡ್ತಾರೆ? ಅವಳ ಯಾರು ಹಿಡಿದುಕೊಂಡಿದಾರೆ? ಹೋಗೋದಾದರೆ ಹೋಗಲಿ."

"ಮುಗಿದಿದ್ದರೆ ತೆಗೆಯೋಕೆ ಏನು ಕಷ್ಟ?"

"ತೆಗೆದರೆ ನಂಗ ಕಟ್ಟಿ ಹಾಕಿದ್ದೆವು ಅಂತ ಆಗೋದಿಲ್ಲವಾ?" ಎಂದುಬಿಟ್ಟರು. ಆಡಿದ ಮೇಲೆ ಅವರಿಗೇ ಗೊತ್ತಾಗಿ ಮುಖ ಆಚೆ ತಿರುಗಿಸಿದರು. ಅಷ್ಟು ವರ್ಷದಲ್ಲಿ ಅವರ ಬಾಯಿಂದ ಬಂದ ನಿಜವಾದ ಮಾತು ಅದೊಂದೇ.

ಎರಡು ಸಾವಿರದ ಈಚೆಗೆ, ತಂತಿಗೂ ತುಕ್ಕು ಹಿಡಿದಾಗ, ಹಟ್ಟಿ ಮತ್ತೆ ಒಂದಾಗಬೇಕು ಎಂದು ಎರಡೂ ಕೇರಿಯ ಯುವಕರು ಓಡಾಡಿದರು. ಒಳ್ಳೆಯದೇ. ಲೀಫ್ ಶೆಡ್ಡಿನ ಮುಂದೆ ಶಾಮಿಯಾನ ಹಾಕಿ, ಮೈಕು ಕಟ್ಟಿ, ಅವರೆ ಉದಕ ಎನ್ನುವ ಸಾರು, ಎಣ್ಣೆಯಲ್ಲಿ ಕರಿದ ಎಣ್ಣಿಟ್ಟು ಎಲ್ಲ ಮಾಡಿಸಿದ್ದರು. ಭಾವನಿಗೆ ಆಗ ಕೋಲು ಬಂದಿತ್ತು. ಮೊದಲು ಅವರದ್ದೇ ಮಾತು.

"ಒಂದು ಪೈಪಿಗಾಗಿ ಅಣ್ಣತಮ್ಮಂದಿರು ದೂರ ಆಗಿಬಿಟ್ಟೆವು" ಎಂದು ಕಣ್ಣೊರೆಸಿಕೊಂಡರು. ಚಪ್ಪಾಳೆ. ಕೆಳಕೇರಿಯ ಆ ಹಿರಿಯನೂ ಎದ್ದು, ಹೌದು, ಹಾಳು ಪೈಪು ಎಂದ. ಆ ಹಿರಿಯನೇ! ಹುಡುಗಿಯನ್ನು ಕಳಿಸಬೇಡಿ ಎಂದು ಅವತ್ತು ಎದ್ದು ನಿಂತ ಬಾಯಿ! ಮತ್ತೆ ಚಪ್ಪಾಳೆ. ಪೈಪು ಎರಡೂ ಕಡೆಗೆ ಅನುಕೂಲ ನೋಡಿ, ಅದಕ್ಕೆ ಬಾಯಿಲ್ಲ, ಗುಡಿಸಲಿಲ್ಲ, ಮಗಳಿಲ್ಲ. ನನ್ನ ಕಿವಿಯಿಂದ ಹೊಗೆ ಬರುವುದೊಂದು ಬಾಕಿ.

ಆಮೇಲೆ ಸನ್ಮಾನ. "ನಂಗ ಹಟ್ಟಿಯ ಮಗಳು, ಗೂಡಲೂರು ಆಸ್ಪತ್ರೆಯ ನರ್ಸು" ಎಂದು ಮೈಕಿನಲ್ಲಿ ಕರೆದರು. ಹಟ್ಟಿಯ ಮಗಳಂತೆ! ಅವಳು ಬಂದಿದ್ದಳು, ಬಿಳಿಯ ಯೂನಿಫಾರ್ಮಿನಲ್ಲೇ, ಡ್ಯೂಟಿ ಮುಗಿಸಿಕೊಂಡು ಜೀಪಿನಲ್ಲಿ. ಭಾವ ಜರಿಯಂಚಿನ ಶಾಲು ಬಿಡಿಸಿ ಎರಡೂ ಕೈ ಎತ್ತಿದರು. ಹುಡುಗಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಆ ಸರಿಯುವಿಕೆಯನ್ನು ನಾನು ಹಿಂದೆ ಒಮ್ಮೆ ನೋಡಿದ್ದೆ.

"ಶಾಲು ನನಗೆ ಬೇಡ" ಎಂದಳು. ಮೈಕು ಹತ್ತಿರವೇ ಇದ್ದುದರಿಂದ ಎಲ್ಲರಿಗೂ ಕೇಳಿಸಿತು. "ಅವ್ವನ ಹೆಗಲ ಮೇಲೆ ಇರೋದನ್ನ ತೆಗೀರಿ."

"ಏನ ಮಾತು ಇದು, ಒಳ್ಳೆ ದಿನ" ಎಂದು ಭಾವ ನಗಲು ನೋಡಿದರು. "ಅದೆಲ್ಲ ಮುಗಿದುಹೋತು ಕೂಸೇ."

"ನೀವು ಪೈಪಿಗೆ ಒಡೆದುಕೊಂಡಿದ್ದಾದರೆ ತೆಗೆಯೋದಕ್ಕೆ ಯೋಚನೆ ಯಾಕೆ? ತೆಗೀರಿ. ಹೊದಿಸಿದ ಕೈ ಅದೇ ಅಲ್ಲವಾ?"

ಹಿಂದಿನ ಸಾಲಿನಿಂದ ನಾನು ಎದ್ದು ನಿಂತೆ. "ತೆಗೀರಿ ಭಾವ!" ಎಂದು ಕಿರುಚಿದೆ. ಮೈಕು ಬೇಕಾಗಲಿಲ್ಲ. ನನ್ನ ಗಂಡ ಕಣ್ಣಲ್ಲಿ ಸುಮ್ಮನಿರು ಎನ್ನಲಿಲ್ಲ, ತಾವೂ ಎದ್ದು ನಿಂತರು. ಅಣ್ಣನ ಎದುರು ನಿಂತದ್ದು ಜೀವನದಲ್ಲಿ ಎರಡನೆಯ ಸಲ.

ಅಕ್ಕ ಶಾಮಿಯಾನದ ಹೊರಗೆ, ಪಾತ್ರೆ ತೊಳೆಯುವ ಕಡೆ ಇದ್ದಳು. ಬಿಸಿಲಿದ್ದರೂ ಕಂಬಳಿ ಹೊದ್ದೇ ಇದ್ದಳು, ಯಾವಾಗಲೂ ಹಾಗೆಯೇ. ಬಣ್ಣ ಹೋಗಿ, ನೂಲು ಬಿಟ್ಟು, ಮೀನಿನ ಬಲೆಯ ಹಾಗಾಗಿತ್ತು ಅದು. ಕೈ ಒರೆಸಿಕೊಂಡು ಜನರ ನಡುವೆ ನಡೆದು ಬಂದಳು. ದಾರಿ ಬಿಟ್ಟರು. ವೇದಿಕೆಯ ಕೆಳಗೆ, ಭಾವನಿಗೆ ಬೆನ್ನು ಹಾಕಿ, ಮೊಣಕಾಲು ಹಿಡಿದುಕೊಂಡು ಕಷ್ಟಪಟ್ಟು ಕುಕ್ಕುರುಗಾಲಲ್ಲಿ ಕೂತಳು.

ಭಾವ ಒಮ್ಮೆ ಮೇಲ್ಕೇರಿಯವರ ಕಡೆ ನೋಡಿದರು, ಒಮ್ಮೆ ಕೆಳಕೇರಿಯವರ ಕಡೆ. ಎಲ್ಲರೂ ತಮ್ಮ ತಮ್ಮ ಕಾಲಬೆರಳು ನೋಡಿಕೊಳ್ಳುತ್ತಿದ್ದರು. ಕೋಲನ್ನು ಮೇಜಿಗೆ ಒರಗಿಸಿ, ಬಗ್ಗಿ, ಎರಡು ಬೆರಳಿನಲ್ಲಿ ಕಂಬಳಿಯ ಅಂಚು ಹಿಡಿದು ಎತ್ತಿದರು. ಅದು ಸುಲಭವಾಗಿ ಬಂತು.

"ಇಷ್ಟೇ ತಾನೆ?" ಎಂದರು.

ಅಕ್ಕ ಎದ್ದಳು. ತಿರುಗಿ ಭಾವನ ಮುಖವನ್ನು ನೇರ ನೋಡಿದಳು.

"ಇಷ್ಟೇ ಅಪ್ಪಾ" ಎಂದಳು. "ಆವತ್ತೇ ತೆಗೀಬಹುದಿತ್ತು."

ಅವಳು ಗುಡಿಸಲಿಗೆ ಹೋಗಲಿಲ್ಲ, ಏನನ್ನೂ ತೆಗೆದುಕೊಳ್ಳಲಿಲ್ಲ. ಮಗಳು ಕೈ ಹಿಡಿದು ಜೀಪಿನ ಮುಂದಿನ ಸೀಟಿಗೆ ಹತ್ತಿಸಿದಳು. ಜೀಪು ಗೂಡಲೂರಿನ ದಾರಿಗೆ ತಿರುಗುವುದನ್ನು ನಾನು ನಿಂತು ನೋಡಿದೆ. ಮೈಕಿನಲ್ಲಿ ಯಾರೋ ಗಂಟಲು ಸರಿಮಾಡಿಕೊಂಡು, ಎಲ್ಲರೂ ಊಟಕ್ಕೆ ಬರಬೇಕು ಎಂದರು. ಜನ ಎಲೆಗಳ ಕಡೆಗೆ ನಡೆದರು. ಭಾವ ಮಾತ್ರ ಕಂಬಳಿಯನ್ನು ಕೈಯಲ್ಲಿ ಹಿಡಿದು ವೇದಿಕೆಯ ಮೇಲೆಯೇ ನಿಂತಿದ್ದರು. ಅದನ್ನು ತೆಗೆದುಕೊಂಡು ಎತ್ತಿಡಲು ಅಕ್ಕ ಅಲ್ಲಿರಲಿಲ್ಲ.